ವಜಾ, ಲೇಆಫ್, ವಿಆರ್‌ಎಸ್ – ಯಾವುದಕ್ಕೆ ಯಾವ ಪದ ಬಳಸ್ಬೇಕು?

ಎಲ್ರಿಗೂ ನಮಸ್ಕಾರ. ಎಚ್‌ಎಂಟಿ ವಾಚ್ ಕಾರ್ಖಾನೆ ಬಗ್ಗೆ ಒಂದು ಲೇಖನ ಬರೀತಿದೀನಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಸಹಯೋಗದಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು, ಆಮೇಲೆ ತುಮಕೂರಲ್ಲೂ ಒಂದಾಯ್ತು, ಕೊನೆಗೆ 2016ರ ಜನವರಿಲಿ ಕೇಂದ್ರ ಸಂಪುಟ ಮುಚ್ಚೋಕೆ ಒಪ್ಪಿಗೆ ಕೊಡ್ತು, ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿ ಲೆಕ್ಕ ಹಿಡಿದು ವಿಆರ್‌ಎಸ್, ಅಂದ್ರೆ ಸ್ವಯಂ ನಿವೃತ್ತಿ ಯೋಜನೆ, ಕೊಟ್ರು. ಈಗ ನಂಗೆ ಬಗೆಹರೀದೇ ಇರೋದು ಏನಂದ್ರೆ, ಹೀಗೆ ಕೆಲಸ ಹೋಗೋದನ್ನ ಕನ್ನಡದಲ್ಲಿ ಏನಂತ ಬರೀಬೇಕು?

ಕಾರ್ಖಾನೆ ಸುದ್ದಿಗಳಲ್ಲಿ ‘ಕಾರ್ಮಿಕರ ವಜಾ’ ಅಂತ ಹೆಡ್ಡಿಂಗ್ ಆಗಾಗ ಕಾಣತ್ತೆ. ಇದು ನಂಗೆ ಚೂರೂ ಒಪ್ಪಿಗೆ ಇಲ್ಲ. ವಜಾ ಅಂದ್ರೆ ಏನೋ ತಪ್ಪು ಮಾಡಿ, ಎನ್‌ಕ್ವಯರಿ ಆಗಿ, ಮನೆಗೆ ಕಳಿಸಿದ್ರು ಅಂತಲೇ ಜನ ತಿಳ್ಕೊಳ್ಳೋದು. 2025ರ ನವೆಂಬರ್‌ವರೆಗೆ ಜಾರಿಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಲಿ ರಿಟ್ರೆಂಚ್‌ಮೆಂಟ್‌ಗೆ ಕೊಟ್ಟಿದ್ದ ವ್ಯಾಖ್ಯೆಲೇ ಶಿಸ್ತುಕ್ರಮದ ಶಿಕ್ಷೆ ಬಿಟ್ಟು ಬೇರೆ ಯಾವ ಕಾರಣಕ್ಕಾದ್ರೂ ತೆಗೆಯೋದು ಅಂತ ಸ್ಪಷ್ಟವಾಗಿತ್ತು. ಇಪ್ಪತ್ತೈದು ಮೂವತ್ತು ವರ್ಷ ಮೆಷಿನ್ ಮುಂದೆ ನಿಂತು ದುಡಿದೋರ ಮೇಲೆ ನಾವು ಒಂದು ಪದದಲ್ಲಿ ಕಳಂಕ ಹೊರಿಸಬಾರದು, ಮಗಳಿಗೆ ಸಂಬಂಧ ನೋಡೋಕೆ ಬಂದೋರು ‘ಯಾಕೆ ತೆಗೆದ್ರಂತೆ?’ ಅಂತ ಕೇಳೋ ಊರುಗಳು ನಮ್ಮವು.

ಲೇಆಫ್ ಅಂತೀವಾ ಅಂದ್ರೆ, ಐಟಿ ಕಂಪನಿಗಳ ದೆಸೆಯಿಂದ ಅದೀಗ ಕೆಲಸ ಹೋಯ್ತು ಅನ್ನೋ ಅರ್ಥಕ್ಕೇ ನಿಂತ್ಬಿಟ್ಟಿದೆ. ಆದ್ರೆ ಕಾಯ್ದೆ ಪ್ರಕಾರ ಕರೆಂಟಿಲ್ಲ, ಕಚ್ಚಾ ಮಾಲಿಲ್ಲ, ಮೆಷಿನ್ ಕೆಟ್ಟಿದೆ ಅಂತ ಕೆಲಸ ಕೊಡೋಕಾಗದೆ ಇದ್ರೆ ಅದು ಲೇಆಫ್. ಮಸ್ಟರ್ ರೋಲಲ್ಲಿ (ಹಾಜರಿ ಪಟ್ಟಿಲಿ) ಹೆಸರು ಹಾಗೇ ಇರತ್ತೆ, ಒಂದು ವರ್ಷ ಸರ್ವೀಸ್ ಆದೋರಿಗೆ ಬೇಸಿಕ್ಕು ಡಿಎ ಸೇರಿಸಿ ಅದರ ಅರ್ಧ ಪರಿಹಾರ ಬರತ್ತೆ. ಹಾಗಾಗಿ ಕೆಲಸ ಪೂರ್ತಿ ಹೋದೋರಿಗೆ ಈ ಪದ ಹೊಂದಲ್ಲ.

ಇನ್ನು ‘ಸ್ವಯಂ ನಿವೃತ್ತಿ’. ಕಾರ್ಖಾನೆನೇ ಮುಚ್ತಿರುವಾಗ ಅದ್ರಲ್ಲಿ ಸ್ವಯಂ ಎಲ್ಲಿ ಬಂತು? ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆ ಇದ್ದ ಜಾಲಹಳ್ಳಿ ಕಡೆ ಹಿರಿಯರ ಮಾತು ಗಮನಿಸಿದೀನಿ, ಮಗನ ಜೊತೆ ಅಂಗಡಿ ಹಾಕೋಕೆ ಅಂತ ಮೊದಲೇ ಬಿಟ್ಟೋರು ‘ವಿಆರ್‌ಎಸ್ ತಗೊಂಡೆ’ ಅಂತಾರೆ, ಕೊನೇವರೆಗೂ ಇದ್ದೋರು ‘ವಿಆರ್‌ಎಸ್ ಕೊಟ್ಟು ಕಳ್ಸಿದ್ರು’ ಅಂತಾರೆ. ನಾನು ಲೇಖನದಲ್ಲಿ ಎರಡನ್ನೂ ಹಾಗೇ ಇಟ್ಕೊಂಡಿದೀನಿ.

ರಿಟ್ರೆಂಚ್‌ಮೆಂಟ್‌ಗೆ ಸದ್ಯಕ್ಕೆ ‘ಉದ್ಯೋಗ ಕಡಿತ’ ಅಂತ ಹಾಕಿದೀನಿ, ಆದ್ರೆ ಕಡಿತ ಆಗೋದು ಹುದ್ದೆ, ಮನುಷ್ಯನಿಗೆ ಆಗಿದ್ದು ಅದ್ರಲ್ಲಿ ಬರಲ್ಲ. 2001ರಲ್ಲಿ ಗಣಿ ಮುಚ್ಚಿದ ಕೆಜಿಎಫ್ ಕಡೆಯೋರು, ಭದ್ರಾವತಿಯೋರು, ದಾವಣಗೆರೆ ಮಿಲ್ಲಲ್ಲಿ ದುಡಿದ ಮನೆಯೋರು ಯಾರಾದ್ರೂ ಇದ್ರೆ ನಿಮ್ಮನೇಲಿ ಏನನ್ತಿದ್ರು ಅಂತ ದಯವಿಟ್ಟು ಬರೀರಿ, ವಾಕ್ಯದ ಸಮೇತ ಕೊಟ್ರೆ ಇನ್ನೂ ಒಳ್ಳೇದು.