ಮಲೇರಿಯಾಕ್ಕೆ ಕತ್ತಲೆ ಕೋಣೆ (ಬಿಎಸ್ಸಿ ಹಳೇ ಬ್ಯಾಚು ಗುಂಪು)

ಅಂಕೋಲಾ ನಾಯ್ಕ: (ಫಾರ್ವರ್ಡ್) "ಮಲೇರಿಯಾ ರೋಗಾಣುವಿನಲ್ಲಿ ಗಿಡದ ಹಾಗೆ ಹರಿತ್ತು ಇದೆ. 3 ದಿನ ಕತ್ತಲೆ ಕೋಣೆಯಲ್ಲಿ ಮಲಗಿದರೆ ತಾನೇ ಸಾಯುತ್ತದೆ. ಎಲ್ಲರಿಗೂ ಕಳಿಸಿ"

ಶಿರಸಿ ಹೆಗಡೆ: ಎಂತಾ ಸುಡುಗಾಡು! ಏಕಕೋಶ ಜೀವಿ ಅದು, ಗಿಡ ಎಲ್ಲಿಂದ ಬಂತು? ಡಿಲೀಟ್ ಮಾಡು.

ಕಾರವಾರ ಲ್ಯಾಬ್: ಡಿಲೀಟ್ ಸರಿ, ಕಾರಣ ತಪ್ಪು. ಪ್ಲಾಸ್ಮೋಡಿಯಮ್ (ಮಲೇರಿಯಾ ರೋಗಾಣು) ಒಳಗೆ ಎಪಿಕೋಪ್ಲಾಸ್ಟ್ ಅಂತ ಒಂದು ಪುಟ್ಟ ಅಂಗಕ ಇದೆ, ರೋಗಾಣುವಿನ ಪೂರ್ವಜರು ನುಂಗಿದ್ದ ಪಾಚಿಯ ಉಳಿಕೆ. ನಾಲ್ಕು ಪೊರೆ, ಸ್ವಂತ ಡಿಎನ್‌ಎ. ಆದರೆ ಹರಿತ್ತು ಇಲ್ಲ, ಬೆಳಕೂ ಬೇಡ. ರಕ್ತದ ಹಂತದಲ್ಲಿ ಐಸೋಪ್ರಿನಾಯ್ಡ್‌ಗೆ (ರೋಗಾಣು ಬದುಕಲು ಬೇಕಾದ ಒಂದು ಬಗೆಯ ರಾಸಾಯನಿಕ) ಕಚ್ಚಾಮಾಲು ಒದಗಿಸುವುದೇ ಅದರ ಕೆಲಸ. ಅಷ್ಟಕ್ಕೂ ರೋಗಾಣು ಅಡಗುವ ಯಕೃತ್ತಿನೊಳಗೆ ಬಿಸಿಲು ಯಾವಾಗ ಬಿದ್ದಿತ್ತು ಮಾರಾಯ?

ಅಂಕೋಲಾ ನಾಯ್ಕ: ಹಂಗಾರೆ ಅರ್ಧ ಖರೆ ಅಲ್ವಾ?

ಕಾರವಾರ ಲ್ಯಾಬ್: ಕಾಲು ಭಾಗ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಹೊಡೆಯುವುದು ಆ ಎಪಿಕೋಪ್ಲಾಸ್ಟ್‌ಗೇ. ಆದರೆ ನಿಧಾನ. ರೋಗಾಣು ರಕ್ತದಲ್ಲಿ ಮರಿ ಹಾಕುವ ಮೊದಲ 48 ಗಂಟೆಯ ಚಕ್ರ ಏನೂ ಆಗದ ಹಾಗೆ ಮುಗಿಯುತ್ತದೆ, ಕೆಟ್ಟ ಪ್ಲಾಸ್ಟ್ ಪಾಲಿಗೆ ಬಂದ ಮರಿಗಳು ಮುಂದಿನ ಚಕ್ರದಲ್ಲಿ ಸಾಯುತ್ತವೆ. ಅದಕ್ಕೇ ಚಿಕಿತ್ಸೆಗೆ ಅದೊಂದನ್ನೇ ಕೊಡುವುದಿಲ್ಲ.

ಕುಮಟಾ ಫಾರ್ಮಸಿ: ನನ್ನ ತಕರಾರು ಆ "3 ದಿನ"ದ ಮೇಲೆ. ವೈವಾಕ್ಸ್ ಜಾತಿಯ ಮಲೇರಿಯಾಕ್ಕೆ ಕ್ಲೋರೋಕ್ವಿನ್ ಗುಳಿಗೆ 3 ದಿನ, ತೂಕದ ಕಿಲೋಗೆ 10, 10, 5 ಮಿ.ಗ್ರಾಂ, ಬೇಸ್ (ಲವಣ ಬಿಟ್ಟು ಬರೀ ಔಷಧ) ಲೆಕ್ಕದಲ್ಲಿ. ಜ್ವರ ಬಿಟ್ಟಿತು ಅಂತ ಜನ ಜೊತೆಗೆ ಕೊಟ್ಟ ಪ್ರೈಮಾಕ್ವಿನ್ ಗುಳಿಗೆಯನ್ನೂ ಅಲ್ಲಿಗೇ ಬಿಡುತ್ತಾರೆ. ಅದು ದಿನಕ್ಕೆ ಕಿಲೋಗೆ 0.25 ಮಿ.ಗ್ರಾಂ, ಪೂರಾ 14 ದಿನ.

ಶಿರಸಿ ಹೆಗಡೆ: ರಕ್ತ ಕ್ಲೀನ್ ಆದ ಮೇಲೂ ಎಂತಕ್ಕೆ?

ಕಾರವಾರ ಲ್ಯಾಬ್: ಕ್ಲೋರೋಕ್ವಿನ್ ಕೆಲಸ ನಡೆಯುವುದು ಆಹಾರ ರಸದಾನಿಯಲ್ಲಿ, ಅಂದರೆ ರೋಗಾಣು ತಿಂದದ್ದನ್ನು ಅರಗಿಸುವ ಚೀಲದಲ್ಲಿ. ಪರಾವಲಂಬಿ ಹಿಮೋಗ್ಲೋಬಿನ್ ತಿಂದಾಗ ಅದರ ಕಬ್ಬಿಣದ ಭಾಗ ಹೀಮ್ ಉಳಿಯುತ್ತದೆ. ಅದು ವಿಷ, ಹಾಗಾಗಿ ಹರಳು ಮಾಡಿ ಬದಿಗಿಡುತ್ತದೆ. ಸ್ಲೈಡಿನಲ್ಲಿ ಕಾಣುವ ಕಂದು ಪುಡಿ ಅದೇ. ಗುಳಿಗೆ ಹರಳುಗಟ್ಟಲು ಬಿಡುವುದಿಲ್ಲ, ಅಡುಗೆಮನೆ ಹೊಗೆ ತುಂಬಿ ಅಡುಗೆಯವನೇ ಸಾಯುತ್ತಾನೆ. ಯಕೃತ್ತಿನ ಕೋಶದಲ್ಲಿ ಮಲಗಿದ ಹಿಪ್ನೊಜೋಯಿಟ್‌ಗೆ (ವೈವಾಕ್ಸ್‌ನ ನಿದ್ದೆಯ ರೂಪ) ತಿನ್ನಲು ಹಿಮೋಗ್ಲೋಬಿನ್ನೇ ಇಲ್ಲ. ಒಲೆ ಹಚ್ಚದ ಮನೆಗೆ ಹೊಗೆ ಎಲ್ಲಿಂದ? ವಾರಗಳೋ ತಿಂಗಳುಗಳೋ ಕಳೆದು ಎದ್ದು ರಕ್ತಕ್ಕೆ ಇಳಿಯುತ್ತದೆ. ಅದಕ್ಕೆ ಪ್ರೈಮಾಕ್ವಿನ್.

ಕುಮಟಾ ಫಾರ್ಮಸಿ: ಪ್ರೈಮಾಕ್ವಿನ್‌ಗೆ ಮೊದಲು ಜಿ6ಪಿಡಿ (ಕೆಂಪು ಕಣ ಕಾಯುವ ಕಿಣ್ವ) ಪರೀಕ್ಷೆ ಮರೀಬೇಡಿ. ಕೊರತೆ ಇದ್ದರೆ ಕೆಂಪು ಕಣ ಒಡೆಯುತ್ತದೆ. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ ಸೀದಾ ಆಸ್ಪತ್ರೆಗೆ. ಗರ್ಭಿಣಿಯರಿಗೆ ಕೊಡುವಂತೆಯೇ ಇಲ್ಲ.

ಅಂಕೋಲಾ ನಾಯ್ಕ: ಸಿದ್ದಾಪುರ ಕಡೆ ಮಂಗನ ಕಾಯಿಲೆಗೂ ಇದೇ ನಡೀತದಾ?

ಶಿರಸಿ ಹೆಗಡೆ: ಅದು ಉಣುಗು ತರುವ ವೈರಸ್. ಕೋಶವೇ ಅಲ್ಲ. ರಸದಾನಿಯೂ ಇಲ್ಲ, ಪ್ಲಾಸ್ಟೂ ಇಲ್ಲ, ಗುಳಿಗೆ ಹೊಡೆಯೋದು ಯಾರಿಗೆ?

ಕಾರವಾರ ಲ್ಯಾಬ್: ಇದು ಮಾತ್ರ ಹೆಗಡೇರು ಸರಿ ಹೇಳಿದ್ರು 😄

ಅಂಕೋಲಾ ನಾಯ್ಕ: ಇಲ್ಲಿ ಡಿಲೀಟ್ ಮಾಡ್ದೆ. ಬೋಟಿನವರ ಗುಂಪಿಗೂ ಹೋಗಿತ್ತು, ಅಲ್ಲಿ ಆಗ್ತಾ ಇಲ್ಲ.

ಕುಮಟಾ ಫಾರ್ಮಸಿ: ಅದರ ಕೆಳಗೇ 14 ದಿನದ್ದು ಬರೆದು ಹಾಕು.