ಅಪ್‌ಡೇಟ್: ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್‌ನಲ್ಲಿ ಬರಿಟೊ ಎಲ್ಲಿ ತಿನ್ನಬೇಕು?

ಮಿಷನ್ ಬಡಾವಣೆಯಲ್ಲಿ ಒಂದೇ ಸಂಜೆ ಸಿಕ್ಕರೆ ಬರಿಟೊ (ಗೋಧಿ ರೊಟ್ಟಿಯಲ್ಲಿ ಹೂರಣ ಸುತ್ತಿದ ತಿನಿಸು) ತಿನ್ನಲು ಯಾವ ಮೆಕ್ಸಿಕನ್ ಹೋಟೆಲು ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ನನ್ನ ತೀರ್ಮಾನ: ಲಾ ತಕೇರಿಯಾ. 24ನೇ ಬೀದಿಯ ಬಾರ್ಟ್ (ಸ್ಥಳೀಯ ರೈಲು) ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ.

ಇಲ್ಲಿನ ಬರಿಟೊಗೆ ಅನ್ನ ಹಾಕುವುದಿಲ್ಲ, ಹಾಗಾಗಿ ಮಾಂಸ, ಬೀನ್ಸ್, ಸಾಲ್ಸಾಗಳ (ಖಾರದ ಚಟ್ನಿ) ರುಚಿ ನೇರವಾಗಿ ನಾಲಿಗೆಗೆ ತಾಕುತ್ತದೆ. ಆದರೆ ರಸ ಹೀರಲು ಅನ್ನವಿಲ್ಲದ ಕಾರಣ ತಡಮಾಡಿದರೆ ತಳ ಒದ್ದೆಯಾಗಿ ಹರಿದುಹೋಗುತ್ತದೆ. ಪಾರ್ಸೆಲ್ ಬೇಡವೇ ಬೇಡ. ಆರ್ಡರ್ ಮಾಡುವಾಗ ‘ಡೊರಾಡೊ’ ಎನ್ನಿ. ಸುತ್ತಿದ ಬರಿಟೊವನ್ನು ಕಾವಲಿಯ ಮೇಲಿಟ್ಟು ಹೊರಮೈ ಹೊಂಬಣ್ಣಕ್ಕೆ ಗರಿಯಾಗಿಸುತ್ತಾರೆ. ಸುತ್ತಿಕೊಟ್ಟ ಫಾಯಿಲನ್ನು ಪೂರ್ತಿ ಬಿಚ್ಚದೆ, ತಿಂದಂತೆಲ್ಲ ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಹರಿದು ತೆಗೆಯುತ್ತಾ ಹೋಗಿ.

ಅನ್ನ ತುಂಬಿದ, ಕೈತುಂಬ ದಪ್ಪನೆಯ ಮಿಷನ್ ಶೈಲಿಯೇ ಬೇಕಿದ್ದರೆ, ತಡರಾತ್ರಿಯಾದರೂ ಎಲ್ ಫರೋಲಿಟೊ. ಮನೆಯಲ್ಲೇ ಟಾಕೊ (ಮಡಚಿದ ಸಣ್ಣ ರೊಟ್ಟಿಯೊಳಗೆ ಹೂರಣವಿಟ್ಟ ತಿನಿಸು) ಮಾಡುವವರು 24ನೇ ಬೀದಿಯ ಲಾ ಪಾಲ್ಮಾದಲ್ಲಿ ಮಾಸಾ ಕೊಳ್ಳಿ. ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿದ ಮೆಕ್ಕೆಜೋಳವನ್ನು ರುಬ್ಬಿದ ಹಿಟ್ಟದು; ಬೇಗ ಒಣಗುತ್ತದೆ, ಒದ್ದೆ ಬಟ್ಟೆ ಮುಚ್ಚಿಡಿ, ಇಲ್ಲದಿದ್ದರೆ ರೊಟ್ಟಿ ಒತ್ತುವಾಗ ಅಂಚು ಸೀಳುತ್ತದೆ.

ಸಸ್ಯಾಹಾರಿಗಳು ಎಲ್ಲಿ ಹೋದರೂ ಅರೆದ ಬೀನ್ಸ್‌ನಲ್ಲಿ ‘ಮಾಂಟೆಕಾ’ ಇದೆಯೇ ಎಂದು ಮೊದಲೇ ಕೇಳಿ. ಅದು ಹಂದಿಕೊಬ್ಬು.