ಆಫೀಸ್ ವಾಟ್ಸಾಪ್ ಗ್ರೂಪ್‌ನಲ್ಲಿ ಸಹಾಯ ಕೇಳಿದರೆ ಯಾರೂ ಉತ್ತರ ಕೊಡಲ್ಲ, ನೀವೆಲ್ಲ ಹೇಗೆ ಕೇಳುತ್ತೀರಿ?

ಬಿಲ್ಲಿಂಗ್ ಸೆಕ್ಷನ್, ಹಾಸನ:
ಎಲ್ಲರಿಗೂ ನಮಸ್ಕಾರ. ಹಾಸನದ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಹೆಡ್ ಆಫೀಸ್ ಬೆಂಗಳೂರು, ಗೋಡೌನ್ ಅರಸೀಕೆರೆ. ಹಾಗಾಗಿ ಏನೇ ಇದ್ದರೂ ವಾಟ್ಸಾಪ್ ಗ್ರೂಪ್‌ನಲ್ಲೇ. ನಾನು "ಸರ್, ಒಂದು ಡೌಟ್ ಇತ್ತು" ಅಂತ ಹಾಕುತ್ತೇನೆ. ಎಲ್ಲರೂ ನೋಡಿರುತ್ತಾರೆ, ಮೆಸೇಜ್ ಇನ್ಫೋ ಒತ್ತಿದರೆ ಗೊತ್ತಾಗುತ್ತಲ್ಲ, ಆದರೆ ಏನಮ್ಮಾ ಅಂತ ಒಬ್ಬರೂ ಕೇಳಲ್ಲ. ಮೊನ್ನೆ ಸರಕು ಸಾಗಿಸೋಕೆ ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ದಾಖಲೆ, ಅದೇ ಇ-ವೇ ಬಿಲ್‌ನಲ್ಲಿ ಮೊತ್ತಕ್ಕೆ ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ಲಾರಿ ಗೇಟ್ ಹತ್ತಿರ ನಿಂತಿದೆ, ಡ್ರೈವರ್ ಒಳಗೆ ಬಂದು ಬಂದು "ಆಯ್ತಾ ಮೇಡಂ" ಅಂತಿದ್ದಾನೆ, ಗ್ರೂಪ್‌ನಲ್ಲಿ ಆ ಹೊತ್ತಿಗೆ ಯಾರದೋ ಹುಟ್ಟುಹಬ್ಬದ ಕೇಕ್ ಫೋಟೊ. ಮತ್ತೆ ಮತ್ತೆ ಕೇಳಿದರೆ ಇವಳಿಗೆ ಏನೂ ಬರಲ್ಲ ಅಂದುಕೊಳ್ಳುತ್ತಾರೇನೋ ಅಂತ ಹಿಂಜರಿಕೆ ಬೇರೆ.

ಕ್ಯೂರಿಂಗ್ ಅಕೌಂಟ್ಸ್, ಚಿಕ್ಕಮಗಳೂರು:
ನಾನು ಉತ್ತರ ಕೊಡುವ ಕಡೆ ಕೂತಿರುವವಳು, ಕಾಫಿ ಕ್ಯೂರಿಂಗ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. "ಡೌಟ್ ಇದೆ" ಅಂತಷ್ಟೇ ಬಂದರೆ ನಾನೂ ಮುಟ್ಟಲ್ಲ, ನಿಜ ಹೇಳಬೇಕಲ್ವಾ. ಅದು ಎರಡು ನಿಮಿಷದ ಕೆಲಸವೋ ಅರ್ಧ ದಿನದ್ದೋ ಗೊತ್ತಾಗಲ್ಲ. ಏನು ಅಂತ ಕೇಳಿದ ಮೇಲೆ ಅರ್ಧಕ್ಕೆ ಬಿಡೋಕೂ ಆಗಲ್ಲ. ಹಾಗಾಗಿ ಮೊದಲ ಮೆಸೇಜ್‌ನಲ್ಲೇ ಪೂರ್ತಿ ವಿಷಯ ಇರಲಿ. ನಿಮ್ಮ ಲಾರಿ ವಿಷಯ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಅಕ್ಕ, ಬೆಳಿಗ್ಗೆ 10ಕ್ಕೆ ಮಾಡಿದ ಇ-ವೇ ಬಿಲ್‌ನಲ್ಲಿ ಮೊತ್ತಕ್ಕೆ ಒಂದು ಸೊನ್ನೆ ಜಾಸ್ತಿ ಬಿದ್ದಿದೆ. ಇನ್‌ವಾಯ್ಸ್ ಸರಿ ಇದೆ. ಲಾರಿ ಇನ್ನೂ ಗೇಟಲ್ಲೇ ಇದೆ. ಇದನ್ನು ರದ್ದು ಮಾಡಿ ಹೊಸದು ಮಾಡಲಾ? 11ರೊಳಗೆ ಲಾರಿ ಬಿಡಬೇಕು."

ಇದಕ್ಕೆ ನಾನು ಊಟದ ಮಧ್ಯೆಯೂ "ಹೂಂ, ಮಾಡು" ಅಂತ ಒತ್ತಿಬಿಡುತ್ತೇನೆ. ಇ-ವೇ ಬಿಲ್‌ನಲ್ಲಿ ಹೀಗೆ ಮೊತ್ತ ತಪ್ಪಿದರೆ ತಿದ್ದೋಕೆ ಬರಲ್ಲ, 24 ಗಂಟೆಯೊಳಗೆ ರದ್ದು ಮಾಡಬಹುದು, ದಾರಿಯಲ್ಲಿ ಅಧಿಕಾರಿಗಳು ಪರಿಶೀಲಿಸಿರಬಾರದು ಅಷ್ಟೇ. ಎಷ್ಟು ಗಂಟೆಗೆ ಮಾಡಿದ್ದು, ಲಾರಿ ಎಲ್ಲಿದೆ ಅಂತ ನೀವು ಬರೆದಿದ್ದರೆ ಗಾಬರಿ ಬೀಳಬೇಕೋ ಬೇಡವೋ ಅಂತ ನನಗೆ ಓದಿದ ತಕ್ಷಣ ಗೊತ್ತಾಗುತ್ತೆ.

ಇನ್ನೊಂದು, ಮಾನಿಟರ್ ಮುಂದೆ ಮೊಬೈಲ್ ಹಿಡಿದು ಫೋಟೊ ತೆಗೆಯಬೇಡಿ ಮಾರಾಯ್ರೆ. ಟ್ಯೂಬ್‌ಲೈಟ್ ಬಿಟ್ಟು ಬೇರೇನೂ ಕಾಣಲ್ಲ. ವಿಂಡೋಸ್, ಶಿಫ್ಟ್, ಎಸ್ ಮೂರೂ ಒಟ್ಟಿಗೆ ಒತ್ತಿ, ಬೇಕಾದಷ್ಟೇ ಜಾಗ ಕತ್ತರಿಸಿ ಕಳಿಸಿ. ಬಿಲ್ ನಂಬರ್ ಮಾತ್ರ ಟೈಪ್ ಮಾಡಿ, ನಾನು ಕಾಪಿ ಮಾಡಿಕೊಂಡು ಹುಡುಕಬಹುದು.

ಮನೆಯಿಂದ ಐಟಿ ಕೆಲಸ, ಮೂಡಿಗೆರೆ:
ಅಕ್ಕ ಹೇಳಿದ್ದು ಸರಿ. ನಮ್ಮಲ್ಲಿ ವಾಟ್ಸಾಪ್ ಬದಲು ಸ್ಲ್ಯಾಕ್ ಅನ್ನುವ ಆಫೀಸ್ ಚಾಟ್ ಆ್ಯಪ್, ಆದರೆ ಕಥೆ ಒಂದೇ. ಸುಮ್ನೆ ಹಲೋ ಅಂತ ಹಾಕಿ ಕಾಯಬೇಡಿ ಅಂತ ಹೇಳೋಕೇ ನೋಹಲೋ ಅನ್ನುವ ವೆಬ್‌ಸೈಟ್ ಇದೆ. ಆ ಲಿಂಕನ್ನು ನಮ್ಮ ಕಡೆ ಯಾರಾದರೂ ಹಿರಿಯರಿಗೆ ಕಳಿಸಿದರೆ ಮುಗೀತು, ಬೇರೆ ಕೆಲಸ ಹುಡುಕಬೇಕು. ನಮಸ್ಕಾರ ಸರ್ ಅಂತ ಹಾಕಿ, ಅದೇ ಮೆಸೇಜ್‌ನಲ್ಲಿ ಪ್ರಶ್ನೆಯೂ ಇರಲಿ. ಮಳೆಗಾಲದಲ್ಲಿ ನನಗೆ ಕರೆಂಟು, ನೆಟ್‌ವರ್ಕ್ ಎರಡೂ ಯಾವಾಗ ಹೋಗುತ್ತೋ ಗೊತ್ತಿಲ್ಲ. ಪೂರ್ತಿ ಬರೆದ ಪ್ರಶ್ನೆಗೆ ಸಿಗ್ನಲ್ ಬಂದಾಗ ಒಂದೇ ಸಲ ಉತ್ತರ ಹಾಕಬಹುದು.

ಇಡೀ ಗ್ರೂಪ್‌ಗೆ ಕೇಳಿದರೆ ಇನ್ನೊಬ್ಬರು ಹೇಳುತ್ತಾರೆ ಬಿಡು ಅಂತ ಎಲ್ಲರೂ ಸುಮ್ನಿರುತ್ತಾರೆ. ಒಬ್ಬರ ಹೆಸರು ಟ್ಯಾಗ್ ಮಾಡಿ. ಮತ್ತೆ ನಿಮಗೆ ಕೊನೆಗೆ ಏನಾಗಬೇಕು ಅಂತ ಹೇಳಿ. ನಮ್ಮ ಟೀಮಿನ ಹುಡುಗನೊಬ್ಬ ಎಕ್ಸೆಲ್‌ನ ಎರಡು ಶೀಟ್ ಪಕ್ಕಪಕ್ಕ ಪ್ರಿಂಟ್ ತೆಗೆಯೋದು ಹೇಗೆ ಅಂತ ಕೇಳಿ ಎಲ್ಲರ ತಲೆ ತಿಂದ. ಆಮೇಲೆ ನೋಡಿದರೆ ಅವನಿಗೆ ಬೇಕಿದ್ದದ್ದು ಎರಡರಲ್ಲಿ ಯಾವ ಹೆಸರು ಬಿಟ್ಟುಹೋಗಿದೆ ಅಂತ. ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ ವಿಲುಕಪ್ (VLOOKUP) ಹಾಕಿದರೆ ಆಗುತ್ತಿತ್ತು.

ಡಿಸ್ಪ್ಯಾಚ್, ಸಕಲೇಶಪುರ:
ಎಲ್ಲ ಸರಿ, ಲಾರಿ ನಿಂತಿರುವಾಗ ಮೆಸೇಜ್ ಯಾಕೆ? ಫೋನ್ ಮಾಡಿ. ಕೆಲವರು ಬೇಕಂತಲೇ ಬರೆಯಲ್ಲ, ಬರೆದು ಕೊಟ್ಟರೆ ನಾಳೆ ತಮ್ಮ ತಲೆಗೆ ಬರುತ್ತೆ ಅಂತ. ಅಂಥವರಿಗೆ ನೀವು ಎಷ್ಟು ಚೆನ್ನಾಗಿ ಬರೆದರೂ ಅಷ್ಟೇ. ಫೋನ್‌ನಲ್ಲಾದರೆ ಆರಾಮಾಗಿ ಹೇಳುತ್ತಾರೆ. ಇಟ್ಟ ತಕ್ಷಣ ನೀವೇ ಬರೆದು ಹಾಕಿ, "ಸರ್, ನೀವು ಈಗ ಹೇಳಿದ ಹಾಗೆ ಹಳೆಯದು ರದ್ದು ಮಾಡಿ ಹೊಸದು ಮಾಡಿದೆ" ಅಂತ. ಅವರ ಹೆಸರೂ ಉಳಿಯಿತು, ನಿಮಗೂ ದಾಖಲೆ ಸಿಕ್ಕಿತು.

ಬಿಲ್ಲಿಂಗ್ ಸೆಕ್ಷನ್, ಹಾಸನ:
ಡಿಸ್ಪ್ಯಾಚ್ ಅಣ್ಣ, ನೀವು ನಮ್ಮ ಆಫೀಸಿನವರೇ ಇರಬೇಕು 😄 ಸಂಜೆ ಆರರ ಮೇಲೆ ಏನಾದರೂ ನೆನಪಾದರೆ ಕಳಿಸಬಹುದಾ?

ಕ್ಯೂರಿಂಗ್ ಅಕೌಂಟ್ಸ್, ಚಿಕ್ಕಮಗಳೂರು:
ಕಳಿಸಿ, "ನಾಳೆ ನೋಡಿದರೆ ಸಾಕು" ಅಂತ ಸೇರಿಸಿ. ಭಾನುವಾರ ಮಾತ್ರ ಬೇಡ.